ಕೆರೆ ದಡದ ಟೆಂಟ್ ಅಂದ್ರು, ಕೆರೇನೇ ಕಾಣ್ಲಿಲ್ಲ

ಪ್ರಶ್ನೆ: ನಾವಿರೋದು ಪುಣೆಯ ಪಿಂಪ್ರಿಲಿ. ಮೇ ತಿಂಗಳಲ್ಲಿ ಅತ್ತೆ ಮಾವ ಊರಿಂದ ಬಂದಿದ್ರು ಅಂತ ಲೋನಾವಳಾ ಹತ್ರ ಪವನಾ ಕೆರೆ ದಡದಲ್ಲಿ ಟೆಂಟ್ ಬುಕ್ ಮಾಡಿದ್ವಿ, ಫೋಟೋದಲ್ಲಿ ಟೆಂಟ್ ಬಾಗಿಲಲ್ಲೇ ನೀರು, ಹೋಗಿ ನೋಡಿದ್ರೆ ಬಿರುಕು ಬಿಟ್ಟ ಕೆಸರುನೆಲ, ನೀರು ಎಲ್ಲೋ ದೂರದಲ್ಲಿ. ಟಾಯ್ಲೆಟ್‌ಗೆ ಚಿಲಕಾನೂ ಇಲ್ಲ, ಅತ್ತೆ ಒಳಗಿದ್ದಾಗೆಲ್ಲ ನಾನು ಹೊರಗೆ ಬಾಗಿಲು ಹಿಡ್ಕೊಂಡು ನಿಂತಿದ್ದೆ. ರಾತ್ರಿ ಎರಡರ ತನಕ ಸ್ಪೀಕರ್. ಈಗ ಫೋನೂ ಎತ್ತಲ್ಲ, ದುಡ್ಡು ವಾಪಸ್ ಸಿಗುತ್ತಾ ಸರ್?

ಉತ್ತರ: ಓದಿ ಬೇಜಾರಾಯ್ತಮ್ಮ, ವಯಸ್ಸಾದೋರನ್ನ ಖುಷಿಯಿಂದ ಕರ್ಕೊಂಡು ಹೋಗಿ ಹಿಂಗಾದ್ರೆ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ. ಪವನಾ ಅಂದ್ರೆ ಡ್ಯಾಮಿನ ಹಿನ್ನೀರು, ನಿಮ್ಮ ಪಿಂಪ್ರಿ-ಚಿಂಚ್‌ವಾಡಕ್ಕೆ ಕುಡಿಯೋ ನೀರು ಹೋಗೋದೂ ಅಲ್ಲಿಂದಾನೇ, ಹಾಗಾಗಿ ಬೇಸಿಗೇಲಿ ದಡ ಹಿಂದೆ ಸರಿಯೋದು ಸಹಜ. ಆದ್ರೆ ಅದನ್ನ ಮುಚ್ಚಿಟ್ಟು ಮಳೆಗಾಲದ ಫೋಟೋ ತೋರ್ಸಿ ದುಡ್ಡು ತಗೊಂಡಿದ್ರೆ ಅದು ತಪ್ಪೇ. ಚಿಲಕ ಇಲ್ದಿರೋದಂತೂ ಕ್ಷಮಿಸೋ ಮಾತೇ ಅಲ್ಲ.

ಮೊದ್ಲು ಆ ಜಾಹೀರಾತಿನ ಸ್ಕ್ರೀನ್‌ಶಾಟ್, ಯುಪಿಐ ರಸೀದಿ, ನೀವು ತೆಗೆದ ಫೋಟೋ ಎಲ್ಲಾ ಒಂದ್ಕಡೆ ಇಡಿ, ಅವರು ಜಾಹೀರಾತು ಅಳಿಸೋ ಮುಂಚೆ. ವಾಟ್ಸಾಪಲ್ಲಿ ಲಿಖಿತವಾಗಿ ರೀಫಂಡ್ ಕೇಳಿ. ಉತ್ತರ ಬರ್ಲಿಲ್ವಾ, 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವಿರೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ, ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಶುಲ್ಕಾನೂ ಇಲ್ಲ, ವಕೀಲರು ಬೇಕೇಬೇಕು ಅಂತಾನೂ ಇಲ್ಲ.

ಇನ್ನು ಸ್ಪೀಕರ್ ವಿಷ್ಯ, ರಾತ್ರಿ ಹತ್ತರ ಮೇಲೆ ಬಯಲಲ್ಲಿ ಹಾಗೆ ಹಾಕೋ ಹಾಗಿಲ್ಲ, ಮುಂದೆ ಎಲ್ಲಾದ್ರೂ ಹಿಂಗಾದ್ರೆ ಆಗ್ಲೇ 112ಕ್ಕೆ ಹೇಳಿ.