ಓದುಗರ ಪ್ರಶ್ನೆ: ದುರ್ಗದ ಬಂಡೆ ಕಂಡವರು ಹ್ಯಾಂಗಿಂಗ್ ರಾಕ್ ನೋಡಬೇಕೇ?

ಪ್ರಶ್ನೆ: ಮಾರ್ಚ್‌ನಲ್ಲಿ ಮಗಳ ಮನೆಗೆಂದು ಮೆಲ್ಬರ್ನ್‌ಗೆ ಹೊರಟಿದ್ದೇವೆ, ಮೇ ತನಕ ಅಲ್ಲೇ ಇರುತ್ತೇವೆ. ಹ್ಯಾಂಗಿಂಗ್ ರಾಕ್ ಎಂಬ ಬೆಟ್ಟಕ್ಕೂ ಅದರ ಸುತ್ತಲಿನ ದ್ರಾಕ್ಷಿತೋಟಗಳಿಗೂ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾಳೆ. ನಮ್ಮ ಯಜಮಾನರಿಗೆ ಮಂಡಿನೋವು. ಮನೆಯಲ್ಲಿ ಯಾರೂ ವೈನ್ ಮುಟ್ಟುವವರಲ್ಲ. ಆ ಬಂಡೆಗಳ ನಡುವೆ ಶಾಲೆಯ ಹುಡುಗಿಯರು ಕಾಣೆಯಾಗಿದ್ದರಂತೆ, ನಿಜವೇ? ದುರ್ಗ ಪಕ್ಕದಲ್ಲೇ ಇರುವಾಗ ಬಂಡೆ ನೋಡಲು ಅಷ್ಟು ದೂರ ಹೋಗಬೇಕೇ?
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ಹೋಗಲೇಬೇಕು ತಾಯಿ. ದುರ್ಗ ಕಂಡ ಕಣ್ಣಿಗೆ ಅದು ಇನ್ನೂ ಚೆನ್ನಾಗಿ ಕಾಣುತ್ತದೆ. ಚಿತ್ರದುರ್ಗದಲ್ಲೇ ಹುಟ್ಟಿ, ಇಲ್ಲೇ ಭೂವಿಜ್ಞಾನ ಪಾಠ ಮಾಡಿದವನು ನಾನು. ತಂಗಿಯ ಮನೆಗೆ ಹೋದಾಗ ಆ ಬೆಟ್ಟ ಹತ್ತಿದೆ. ಮೊದಲು ಕೈ ಹೋದದ್ದು ಕಲ್ಲಿನ ಮೇಲೆ. ನಮ್ಮ ಕೋಟೆಯ ಗ್ರಾನೈಟ್ ನೆಲದಾಳದಲ್ಲಿ ನಿಧಾನವಾಗಿ ತಣಿದದ್ದು, ಹರಳುಗಳು ಬೆರಳಿಗೆ ತರಿತರಿಯಾಗಿ ಸಿಗುತ್ತವೆ. ಅಲ್ಲಿಯದು ಟ್ರಾಕೈಟ್, ನಯವಾದ ಸಣ್ಣ ಕಣದ ಬೂದುಗಲ್ಲು. ಸುಮಾರು 60 ಲಕ್ಷ ವರ್ಷಗಳ ಹಿಂದೆ ಇಕ್ಕಟ್ಟಾದ ಬಾಯಿಯಿಂದ ಲಾವಾ ಉಕ್ಕಿತು. ಅಂಬಲಿಯ ಹಾಗೆ ಹರಿದುಹೋಗದೆ ಮುದ್ದೆಯ ಹಾಗೆ ಅಲ್ಲೇ ಗುಪ್ಪೆಯಾಯಿತು. ತಣಿದು ಕುಗ್ಗುವಾಗ ಮೇಲಿಂದ ಕೆಳಗೆ ಸೀಳು ಬಿಟ್ಟಿತು. ಆ ಸೀಳುಗಳನ್ನು ಮಳೆನೀರು ಅಗಲಿಸುತ್ತಾ ಬಂದು ಈಗಿನ ಕಂಬಗಳು, ಓಣಿಗಳು ಉಳಿದಿವೆ. ಒಂದು ಕಡೆ ಅಕ್ಕಪಕ್ಕದ ಬಂಡೆಗಳ ನಡುವೆ ಸಿಕ್ಕಿಕೊಂಡ ಗುಂಡುಕಲ್ಲೊಂದು ನಮ್ಮ ತಲೆಯ ಮೇಲೇ ನಿಂತಿದೆ, ಅದರ ಕೆಳಗೇ ದಾರಿ.

ಹೊರಡುವ ಮುಂಚೆ ಬಿಡುವಾದರೆ ಚಿತ್ರದುರ್ಗದ ಹತ್ತಿರದ ನಮ್ಮ ಮಾರಡಿಹಳ್ಳಿಗೂ ಹೋಗಿಬನ್ನಿ. ಸಮುದ್ರದಡಿ ಉಕ್ಕಿ ದಿಂಬುಗಳಾಗಿ ಗಟ್ಟಿಯಾದ ಲಾವಾ ಅಲ್ಲಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದರೂ ಜಿಲ್ಲೆಯವರೇ ಎಷ್ಟೋ ಜನ ನೋಡಿಲ್ಲ, ಆ ಸಂಕಟ ನನಗಿದೆ. ಎರಡನ್ನೂ ನೋಡಿದರೆ, ಲಾವಾ ನೀರಿನಡಿ ಹೇಗೆ ತಣಿಯುತ್ತದೆ, ಬಯಲಲ್ಲಿ ಹೇಗೆ ತಣಿಯುತ್ತದೆ ಎಂಬುದು ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ.

ಮಂಡಿಯ ವಿಚಾರ. ಬೆಟ್ಟ ಸುತ್ತಲಿನ ಬಯಲಿನಿಂದ ನೂರು ಮೀಟರಿನಷ್ಟು ಎತ್ತರ. ದಾರಿ, ಮೆಟ್ಟಿಲು ಚೆನ್ನಾಗಿವೆ, ಆದರೆ ಕಡಿದು. ಹತ್ತಿ ಇಳಿಯಲು ಒಂದು ಗಂಟೆ ಇಟ್ಟುಕೊಳ್ಳಿ. ಕೋಟೆಯಲ್ಲಿ ಏಕನಾಥೇಶ್ವರಿ ಗುಡಿಯವರೆಗೆ ಕೂತು ಕೂತು ಹತ್ತುತ್ತಾರೆ ಎಂದಾದರೆ ಯಜಮಾನರು ಅದನ್ನೂ ಹತ್ತುತ್ತಾರೆ. ಆಗದಿದ್ದರೆ ಬುಡದಲ್ಲಿ ಹುಲ್ಲು, ನೆರಳು ಧಾರಾಳವಾಗಿದೆ, ಬುತ್ತಿ ಬಿಚ್ಚಿ ಕೂರಲಿ. ಮಳೆ ಬಿದ್ದ ದಿನ ಮಾತ್ರ ಬೇಡ, ಕಲ್ಲು ಜಾರುತ್ತದೆ.

ಕಾಣೆಯಾದ ಹುಡುಗಿಯರು 1967ರಲ್ಲಿ ಬಂದ ಕಾದಂಬರಿಯೊಂದರ ಪಾತ್ರಗಳು. ನಿಜವಾಗಿ ನಡೆದದ್ದು ಬೇರೆ. ವುರುಂಡ್ಜೆರಿ, ಜಾ ಜಾ ವುರುಂಗ್, ಟೌಂಗುರುಂಗ್ ಎಂಬ ಮೂಲನಿವಾಸಿ ಸಮುದಾಯಗಳಿಗೆ ಅದು ಪವಿತ್ರ ಜಾಗ, ಅವರು ಕೂಡುತ್ತಿದ್ದ ತಾಣ. 19ನೇ ಶತಮಾನದಲ್ಲಿ ಬಿಳಿಯರು ಕುರಿಮಂದೆಗಳೊಂದಿಗೆ ಬಂದು ನೆಲ ಹಿಡಿದರು, ಇವರನ್ನು ಹೊರದಬ್ಬಿದರು. ಕಲ್ಪನೆಯ ಹುಡುಗಿಯರ ಹೆಸರು ಬಂದವರೆಲ್ಲರಿಗೂ ಗೊತ್ತು, ಈ ಜನರ ಹೆಸರು ಗೊತ್ತಿಲ್ಲ. ಮೊಮ್ಮಕ್ಕಳಿದ್ದರೆ ಅವರಿಗೆ ಇದನ್ನೇ ಹೇಳಿ. ಆ ಮೂಲನಿವಾಸಿಗಳ ಕುಲದವರು ಇಂದಿಗೂ ಇದ್ದಾರೆ ಎಂಬುದನ್ನೂ ಸೇರಿಸಿ ಹೇಳಿ.

ವೈನ್ ಕುಡಿಯದವರು ತೋಟ ನೋಡಬಾರದೆಂದೇನಿಲ್ಲ. ಮೆಸಿಡನ್ ರೇಂಜಸ್ ಎಂಬ ಆ ಸೀಮೆ ಆಸ್ಟ್ರೇಲಿಯಾದ ಮುಖ್ಯ ಭೂಭಾಗದಲ್ಲೇ ತೀರಾ ತಂಪಿನ ದ್ರಾಕ್ಷಿ ಸೀಮೆಗಳಲ್ಲಿ ಒಂದು. ಪಿನೋ ನ್ವಾರ್, ಶಾರ್ಡನೇ ತಳಿಗಳು ಹೆಚ್ಚು. ವಿಜಯಪುರದಲ್ಲಿ ಬಳ್ಳಿಗೆ ಚಳಿಯ ನಿದ್ದೆಯಿಲ್ಲ, ರೈತರು ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಿ, ಅಂದರೆ ಕಡ್ಡಿ ಕತ್ತರಿಸಿ, ಚಿಗುರಿಸುತ್ತಾರೆ. ಮೆಸಿಡನ್ ಸೀಮೆಯಲ್ಲಿ ಜೂನ್ ಬಂತೆಂದರೆ ಚಳಿಗಾಲ, ಎಲೆ ಉದುರಿ ಬರೀ ಕಡ್ಡಿ, ಆಗ ಒಂದೇ ಸಲ ಕತ್ತರಿ. ಚಳಿಗೆ ಹಣ್ಣು ನಿಧಾನವಾಗಿ ಮಾಗುವುದರಿಂದ ಹುಳಿ ಉಳಿಯುತ್ತದೆ, ನೊರೆವೈನಿಗೆ ಆ ಹುಳಿಯೇ ಬೇಕು. ಕೊಯ್ಲು ಮಾರ್ಚ್, ಏಪ್ರಿಲ್ ಹೊತ್ತಿಗೆ, ಅಂದರೆ ನೀವು ಅಲ್ಲಿರುವಾಗಲೇ.

ಏಪ್ರಿಲ್ ಕೊನೆಗೆ ಹೋದರೆ ಪಕ್ಕದ ಮೌಂಟ್ ಮೆಸಿಡನ್‌ನಲ್ಲಿ ಮರಗಳ ಎಲೆ ಕೆಂಪಾಗಿರುತ್ತವೆ, ಅದನ್ನೂ ನೋಡಬಹುದು. ಶನಿವಾರ ಭಾನುವಾರ ಆ ರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಮಗಳಿಗೆ ಹೇಳಿ ವಾರದ ನಡುವೆ ಒಂದು ರಜೆ ಹಾಕಿಸಿ.