ಕನ್ನಡ ನೋಟ್ಸೋ, ಇಂಗ್ಲಿಷ್ ಪುಸ್ತಕವೋ? ನಾನು ಎಡವಿದ್ದು ಒಂದೇ ಪದಕ್ಕೆ

ಕಲಬುರಗಿಯಲ್ಲಿ ರಾಜ್ಯಶಾಸ್ತ್ರ ಎಂಎ, ಮುಂದೆ ಕೆ-ಸೆಟ್ (ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆ). ಅಂತರರಾಷ್ಟ್ರೀಯ ಸಂಬಂಧಗಳ ಪರಿಕಲ್ಪನೆಗಳು ತಲೆಯಲ್ಲಿ ನಿಲ್ಲುತ್ತಿಲ್ಲ, ಕನ್ನಡ ನೋಟ್ಸ್ ಓದಲೋ ಇಂಗ್ಲಿಷ್ ಪುಸ್ತಕ ಹಿಡಿಯಲೋ ಅಂತ ಕೇಳಿದ್ದೀರಿ. ಹತ್ತು ವರ್ಷದ ಹಿಂದೆ ನಾನೇ ಬರೆದ ಹಾಗಿದೆ.

ನಾನು ಎರಡನ್ನೂ ಓದಿದೆ. ಸುಪರ್ ಮಾರ್ಕೆಟ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸಿದ ಮೂರು ಕಟ್ಟು ನೋಟ್ಸ್ ಇತ್ತು. ಶಕ್ತಿಗೆ ಏಳು ವ್ಯಾಖ್ಯಾನ, ರಾಷ್ಟ್ರೀಯ ಹಿತಾಸಕ್ತಿಗೆ ಐದು. ಯಾರು ಯಾವ ವರ್ಷ ಹೇಳಿದ್ದು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒದರುತ್ತಿದ್ದೆ. ಆ ನೋಟ್ಸಿನ ಹಾಳೆಗಳು ಈಗ ನಮ್ಮವ್ವನ ರೊಟ್ಟಿ ಬುಟ್ಟಿಯ ತಳದಲ್ಲಿವೆ.

ಮೇ ತಿಂಗಳು. ಒಂದು ಕಾಲೇಜಿನಲ್ಲಿ ಉಪನ್ಯಾಸಕ ಹುದ್ದೆಗೆ ಸಂದರ್ಶನ. ಮೇಜಿನ ಆಚೆ ಮೂವರು. ನಡುವೆ ಕೂತ ಹಿರಿಯರು ನೀರಿನ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಬಂದಿದ್ದರು. ಅದರಿಂದ ನೀರು ತೊಟ್ಟಿಕ್ಕಿ ನನ್ನ ಅರ್ಜಿಯ ಅಂಚು ನೆನೆಯುತ್ತಿತ್ತು. ನನ್ನ ಕಣ್ಣೆಲ್ಲ ಅದರ ಮೇಲೆ.

“ಅರಾಜಕತೆ ಅಂದ್ರ ಏನ್ರಿ?”

ಇಷ್ಟು ಸುಲಭದ ಪ್ರಶ್ನೆನಾ ಅಂತ ಖುಷಿಯಾಯಿತು. ಕಾನೂನು ಸುವ್ಯವಸ್ಥೆ ಕುಸಿಯುವುದು, ದೊಂಬಿ, ಲೂಟಿ, ಸರ್ಕಾರದ ಮಾತು ಯಾರೂ ಕೇಳದಿರುವುದು ಅಂತ ಹೇಳಿದೆ. ಉದಾಹರಣೆಗೆ ಸೊಮಾಲಿಯಾನೂ ಸೇರಿಸಿದೆ.

“ಹಂಗಾದ್ರ ಭಾರತ, ಭೂತಾನ ನಡುವ ಅರಾಜಕತೆ ಅದನೋ ಇಲ್ಲೋ?”

“ಇಲ್ರಿ ಸರ್. ಇಬ್ಬರದೂ ಭಾಳ ಸ್ನೇಹ ಅದ.”

ಅವರು ಬಾಟಲಿ ಎತ್ತಿ ಒಂದು ಗುಟುಕು ನೀರು ಕುಡಿದರು. ಪಕ್ಕದವರ ಕಡೆ ನೋಡಿದರು. ನನ್ನ ಫೈಲ್ ಮುಚ್ಚಿತು. ಅಂಥ ಇನ್ನೊಂದು ಕರೆ ಬರಲು ಮೂರು ವರ್ಷ ಬೇಕಾಯಿತು.

ಈ ತಪ್ಪನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ. ಬೇಜಾರಾದರೂ ಓದಿ.

ಪೇಪರಿನಲ್ಲಿ ದಿನಾ ಬರುವ ಅರಾಜಕತೆ ಬೇರೆ, ಈ ವಿಷಯದ ಅರಾಜಕತೆ ಬೇರೆ. ಊರಲ್ಲಿ ಪಕ್ಕದ ಹೊಲದವನು ಬದು ಒತ್ತಿದರೆ ತಹಶೀಲ್ದಾರ್ ಇದ್ದಾರೆ, ಪೊಲೀಸ್ ಠಾಣೆ ಇದೆ, ಕೋರ್ಟ್ ಇದೆ. ಒಂದು ದೇಶ ಇನ್ನೊಂದರ ಬದು ಒತ್ತಿದರೆ ಯಾವ ಠಾಣೆಗೆ ಹೋಗಬೇಕು? ಹೇಗ್‌ನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಇದೆ ನಿಜ, ಆದರೆ ಎರಡು ದೇಶಗಳ ಒಪ್ಪಿಗೆ ಇಲ್ಲದೆ ಅದು ಅವರ ವ್ಯಾಜ್ಯ ನಡೆಸುವಂತಿಲ್ಲ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಇದೆ, ಅಲ್ಲಿ ಐದು ದೇಶಗಳ ಕೈಲಿ ನಿರ್ಣಯವನ್ನು ಒಬ್ಬರೇ ತಡೆಯುವ ವೀಟೊ ಅಧಿಕಾರ ಇದೆ. ಅಂದರೆ ದೇಶಗಳ ಮೇಲೆ ಯಜಮಾನ ಇಲ್ಲ. ಇದೇ ಅರಾಜಕತೆ. ಗಲಾಟೆ ಇದ್ದರೂ ಅರಾಜಕತೆ, ಇಲ್ಲದಿದ್ದರೂ ಅರಾಜಕತೆ. ಭಾರತ ಮತ್ತು ಭೂತಾನ್ ಎಷ್ಟೇ ಆತ್ಮೀಯವಾಗಿರಲಿ, ಅವರಿಬ್ಬರ ತಲೆಯ ಮೇಲೆ ಮೂರನೆಯ ಸರ್ಕಾರ ಇಲ್ಲ. ಹಾಗಾಗಿ ಉತ್ತರ: ಇದೆ.

ಹೊಟ್ಟೆ ಉರಿಯುವುದು ಎಲ್ಲಿ ಗೊತ್ತಾ? ಉತ್ತರ ಪದದಲ್ಲೇ ಇತ್ತು. ಅ-ರಾಜಕ, ರಾಜನಿಲ್ಲದ್ದು. ದೊಂಬಿ ಎಲ್ಲಿದೆ ಅದರಲ್ಲಿ? ಇಂಗ್ಲಿಷಿನ ಅನಾರ್ಕಿಗೂ ಗ್ರೀಕ್ ಮೂಲದಲ್ಲಿ ಅದೇ ಅರ್ಥ, ಆಳುವವನಿಲ್ಲದ್ದು. ಇಂಗ್ಲಿಷ್ ಪತ್ರಿಕೆಗಳೂ ಅದನ್ನು ಗಲಾಟೆ ಅನ್ನುವ ಅರ್ಥದಲ್ಲೇ ಬಳಸುತ್ತವೆ. ಎರಡೂ ಭಾಷೆಯಲ್ಲಿ ಓದಿ ಎರಡೂ ಭಾಷೆಯಲ್ಲಿ ಒಂದೇ ತಪ್ಪು ಮಾಡಿದವನು ನಾನು. ಕನ್ನಡವೋ ಇಂಗ್ಲಿಷೋ ಅನ್ನುವ ನಿಮ್ಮ ಪ್ರಶ್ನೆಯೇ ದಾರಿ ತಪ್ಪಿದೆ ಅಂತ ನಾನು ಹೇಳುವುದು ಇದಕ್ಕೇ.

ಈ ಒಂದು ಇಟ್ಟಿಗೆ ಓರೆಯಾದರೆ ಮೇಲಿನ ಗೋಡೆಯೆಲ್ಲ ಓರೆ. ಯಜಮಾನ ಇಲ್ಲ, ಅದಕ್ಕೇ ಪ್ರತಿ ದೇಶ ತನ್ನ ರಕ್ಷಣೆ ತಾನೇ ನೋಡಿಕೊಳ್ಳಬೇಕು. ತನ್ನ ರಕ್ಷಣೆಗೆಂದು ಕೊಂಡ ಬಂದೂಕು ಪಕ್ಕದವನಿಗೆ ಬೆದರಿಕೆಯಾಗಿ ಕಾಣುತ್ತದೆ, ಅವನೂ ಕೊಳ್ಳುತ್ತಾನೆ. ಇದು ಭದ್ರತಾ ಸಂದಿಗ್ಧ, ರಾಜ್ಯಶಾಸ್ತ್ರಜ್ಞ ಜಾನ್ ಹರ್ಟ್ಜ್ 1950ರಲ್ಲಿ ವಿವರಿಸಿದ್ದು. ಒಬ್ಬ ತೀರಾ ಬೆಳೆದರೆ ಉಳಿದವರು ಒಟ್ಟಾಗುತ್ತಾರೆ, ಅದು ಶಕ್ತಿ ಸಮತೋಲನ. ನಾನು ಇವನ್ನೆಲ್ಲ ಬಿಡಿ ಬಿಡಿ ಉತ್ತರಗಳಾಗಿ ಕಲಿತಿದ್ದೆ. ಒಂದಕ್ಕೊಂದು ನಂಟೇ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಅದೇ ವರ್ಷ ಸೆಪ್ಟೆಂಬರ್ 17ಕ್ಕೆ. ನಮ್ಮ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದ ವಿಮೋಚನಾ ದಿನದ ಧ್ವಜಾರೋಹಣ ಮುಗಿಸಿ ಬಂದು ಮಿರ್ಚಿ, ಸುಸಲಾ ತಿನ್ನುತ್ತಾ ಕೂತಿದ್ದೆವು. ಆಳಂದ ಕಡೆಯ ನಮ್ಮಜ್ಜ ಹಳೆಯ ಕತೆ ತೆಗೆದ. ನಿಜಾಮರ ಪರ ನಿಂತಿದ್ದ ಖಾಸಗಿ ಪಡೆ ರಜಾಕಾರರ ಕಾಟಕ್ಕೆ ಊರು ಬಿಟ್ಟು ಸೊಲ್ಲಾಪುರ ಗಡಿಯ ಶಿಬಿರಕ್ಕೆ ಹೋಗಿದ್ದು, ಅಲ್ಲಿ ಇವರ ಹಾಲಿ ಸಿಕ್ಕಾ (ನಿಜಾಮರ ನಾಣ್ಯ) ನಡೆಯದೆ ಪರದಾಡಿದ್ದು. “ರೊಕ್ಕ ಕೈಯಾಗ ಇತ್ತು, ಗಡಿ ದಾಟಿದ ಮ್ಯಾಲ ಅದು ರೊಕ್ಕೇ ಅಲ್ಲ” ಅಂದ. ಸುಮ್ನೆ ಕೇಳುತ್ತಿದ್ದವನು ತಟ್ಟೆ ಕೆಳಗಿಟ್ಟೆ.

ಹೈದರಾಬಾದಿನ ನಿಜಾಮರಿಗೆ ಸ್ವಂತ ನಾಣ್ಯ, ಅಂಚೆ, ರೈಲು, ಸೈನ್ಯ ಇತ್ತು. ಹೊರಗಿನ ವ್ಯವಹಾರ ಮಾತ್ರ ಬ್ರಿಟಿಷರ ಕೈಯಲ್ಲಿತ್ತು. 1947ರಲ್ಲಿ ಆ ಹಿಡಿತ ಹೋಯಿತು. ಹಾಗಾದರೆ ಹೈದರಾಬಾದ್ ಸಾರ್ವಭೌಮ ದೇಶವಾಯಿತಾ? ಆಯಿತು ಅಂದರು ನಿಜಾಮರು. ಇಲ್ಲ, ಇದು ನಮ್ಮ ಒಳಗಿನ ವಿಷಯ ಅಂದಿತು ಭಾರತ. 1933ರ ಮಾಂಟೆವಿಡಿಯೊ ಒಪ್ಪಂದ ದೇಶಕ್ಕೆ ನಾಲ್ಕು ಗುರುತು ಹೇಳುತ್ತದೆ: ಜನ, ನೆಲ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹರಿಸುವ ಸಾಮರ್ಥ್ಯ. ಮೊದಲ ಮೂರು ಇದ್ದವು. ಜಗಳವೆಲ್ಲ ನಾಲ್ಕನೆಯದಕ್ಕೆ. ನಾನು ಆ ನಾಲ್ಕನ್ನು ನೂರು ಸಲ ಬರೆದಿದ್ದೆ, ನಮ್ಮ ಮನೆಯ ಅಂಗಳದಲ್ಲೇ ಅದಕ್ಕೆ ಕುಸ್ತಿ ನಡೆದಿತ್ತು ಅಂತ ಹೊಳೆದಿರಲಿಲ್ಲ.

ಮುಂದಿನದು ಇನ್ನೂ ಚೆನ್ನಾಗಿದೆ. 1947ರ ನವೆಂಬರ್ 29ಕ್ಕೆ ಭಾರತ, ಹೈದರಾಬಾದ್ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆಮೇಲೂ ಅನುಮಾನ ಹೋಗಲಿಲ್ಲ. ಈ ಕಡೆ ಭಾರತದ ದಿಗ್ಬಂಧನ. ಆ ಕಡೆ ಹೈದರಾಬಾದಿಗೆ ಸಿಡ್ನಿ ಕಾಟನ್ ಅನ್ನುವ ಆಸ್ಟ್ರೇಲಿಯಾದ ವಿಮಾನಿಗ ಕರಾಚಿಯಿಂದ ರಾತ್ರಿ ಹೊತ್ತು ಶಸ್ತ್ರ ತಂದು ಇಳಿಸುತ್ತಿದ್ದ. ಎರಡೂ ಕಡೆಯವರ ಮಾತು ಒಂದೇ, ಇದು ನಮ್ಮ ರಕ್ಷಣೆಗೆ. (ಹಾಗಂತ ರಜಾಕಾರರು ಮಾಡಿದ್ದನ್ನು ‘ಸಂದಿಗ್ಧ’ ಅಂತ ತೇಲಿಸಿ ಬರೆಯಬೇಡಿ, ನಮ್ಮಜ್ಜ ಎದ್ದು ಬರುತ್ತಾನೆ.) 1948ರ ಆಗಸ್ಟ್‌ನಲ್ಲಿ ಹೈದರಾಬಾದ್ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು. 16ಕ್ಕೆ ಪ್ಯಾರಿಸ್‌ನಲ್ಲಿ ಮಂಡಳಿ ಸೇರಿ, ದೂರನ್ನು ಚರ್ಚೆಗೆ ಎತ್ತಿಕೊಳ್ಳಬೇಕೋ ಬೇಡವೋ ಅಂತ ಮಾತಾಡಿ ಎತ್ತಿಕೊಂಡಿತು. 17ಕ್ಕೆ ಇಲ್ಲಿ ನಿಜಾಮರು ಕದನವಿರಾಮ ಸಾರಿಯೇಬಿಟ್ಟರು. 22ಕ್ಕೆ ದೂರನ್ನೂ ವಾಪಸ್ ತೆಗೆದುಕೊಳ್ಳುತ್ತೇವೆ ಅಂದರು. ಯಜಮಾನ ಇಲ್ಲದ ಜಗತ್ತು ಹೇಗೆ ನಡೆಯುತ್ತದೆ ಅಂತ ತಿಳಿಯಲು ನನಗೆ ಆ ಹತ್ತು ದಿನ ಸಾಕಾಯಿತು.

ಈಗ ನಿಮ್ಮ ವಿಷಯ. ವ್ಯಾಖ್ಯಾನ ಕಂಠಪಾಠ ಮಾಡುವುದನ್ನು ಬಿಡಿ. ಕೆ-ಸೆಟ್‌ನಲ್ಲಿ ಯಾರು ಹೇಳಿದ್ದು ಅಂತ ಒಂದೆರಡು ಪ್ರಶ್ನೆ ಬರಬಹುದು, ಅದಕ್ಕೆ ಪರೀಕ್ಷೆ ಹಿಂದಿನ ವಾರ ಸಾಕು. ದಿನಬಳಕೆಯಲ್ಲಿ ಒಂದು ಅರ್ಥ, ಈ ವಿಷಯದಲ್ಲಿ ಇನ್ನೊಂದು ಅರ್ಥ ಇರುವ ಪದಗಳನ್ನು ಮೊದಲು ಹಿಡಿಯಿರಿ. ‘ಸಮತೋಲನ’ ಅಂದ ಕೂಡಲೇ ತಕ್ಕಡಿ ಸಮ ಇದೆ ಅಂದುಕೊಳ್ಳಬೇಡಿ. 1971ರ ಆಗಸ್ಟ್‌ನಲ್ಲಿ ಭಾರತ ಸೋವಿಯತ್ ಒಕ್ಕೂಟದ ಜೊತೆ ಸ್ನೇಹ ಒಪ್ಪಂದಕ್ಕೆ ಯಾಕೆ ಸಹಿ ಹಾಕಿತು, ಆಗ ಅಮೆರಿಕ, ಚೀನಾ, ಪಾಕಿಸ್ತಾನ ಹೇಗೆ ಹತ್ತಿರವಾಗುತ್ತಿದ್ದವು ನೋಡಿ. ‘ಸಾಮೂಹಿಕ ಭದ್ರತೆ’ಗೆ ನ್ಯಾಟೊ ಉದಾಹರಣೆ ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. 1949ರ ನ್ಯಾಟೊ ಹೊರಗಿನ ಶತ್ರುವಿನ ವಿರುದ್ಧದ ಕೂಟ, ಅದು ಸಾಮೂಹಿಕ ರಕ್ಷಣೆ. ಸಾಮೂಹಿಕ ಭದ್ರತೆಯಲ್ಲಿ ತಪ್ಪು ಮಾಡಿದವನು ಒಳಗಿನ ಸದಸ್ಯನೇ ಆದರೂ ಎಲ್ಲರೂ ಅವನ ಮೇಲೆ ಏಳಬೇಕು. ವಿಶ್ವಸಂಸ್ಥೆಯ ಕಲ್ಪನೆ ಅದು.

ಯಾವ ನೋಟ್ಸ್ ಅಂತ ಹೆಸರು ಹೇಳಲ್ಲ, ಎಲ್ಲವೂ ಒಂದನ್ನೊಂದು ನೋಡಿ ಬರೆದವೇ. ಈಗಾಗಲೇ ದುಡ್ಡು ಕೊಟ್ಟು ತಂದಿದ್ದರೆ ಎಸೆಯಬೇಡಿ. ಹಾಳೆಯ ಒಂದೇ ಬದಿ ಅಚ್ಚಾಗಿರುತ್ತದೆ ಅಲ್ವಾ? ಹಿಂದಿನ ಖಾಲಿ ಬದಿಯಲ್ಲಿ 1948ರ ಸೆಪ್ಟೆಂಬರ್ 13ರಿಂದ 22ರವರೆಗೆ ಒಂದೊಂದೇ ದಿನ ಬರೆಯಿರಿ. ಪ್ರತಿ ದಿನದ ಎದುರು, ಅವತ್ತು ಯಾವ ಪರಿಕಲ್ಪನೆ ಕಾಣಿಸುತ್ತದೆ ಅಂತ ಬರೆಯಿರಿ. ಮನೆಯಲ್ಲಿ ಆ ಕಾಲ ಕಂಡ ಹಿರಿಯರಿದ್ದರೆ ಮೊದಲು ಅವರ ಹತ್ತಿರ ಕೂತುಕೊಳ್ಳಿ, ನಾನಂತೂ ನಮ್ಮಜ್ಜನನ್ನು ಕೇಳಬೇಕಾದ್ದು ಇನ್ನೂ ಬಹಳ ಉಳಿದುಹೋಯಿತು.