ನಿಮ್ಮ ವಿಕಿರಣ ಲೇಖನದ ಬಗ್ಗೆ

ನಮಸ್ಕಾರ,

ಅಮೆರಿಕ ತನ್ನ ವಿಕಿರಣ ಸುರಕ್ಷತಾ ನಿಯಮ ಸಡಿಲಿಸಬೇಕು ಎನ್ನುವ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ನಿಮ್ಮ ನಿಲುವಿನ ಬಗ್ಗೆ ತಕರಾರಿಲ್ಲ, ಅದಕ್ಕೆ ಕೊಟ್ಟ ಆಧಾರದ ಬಗ್ಗೆ ಇದೆ.

'ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿಗೇ ದೇಹಕ್ಕೆ ಸುಮಾರು 10 ಮಿಲಿಸೀವರ್ಟ್ (ವಿಕಿರಣದ ಅಳತೆ) ತಗಲುತ್ತದೆ. ಜನರಿಗೆ ಮಾತ್ರ ವರ್ಷಕ್ಕೆ 1 ಎಂಬ ಮಿತಿ. ಇದೆಂಥ ತಮಾಷೆ?' ಎಂದು ಕೇಳಿದ್ದೀರಿ. ಆ ಮಿತಿ ರೋಗಿಗೆ ಅನ್ವಯಿಸುವುದೇ ಇಲ್ಲ. ಸ್ಕ್ಯಾನಿನ ಲಾಭವೂ ಅಪಾಯವೂ ಒಬ್ಬರಿಗೇ. ವೈದ್ಯರು ಎರಡನ್ನೂ ತೂಗಿ ಬರೆದುಕೊಡುತ್ತಾರೆ. ಪರಮಾಣು ವಿದ್ಯುತ್ ಸ್ಥಾವರದ ಪಕ್ಕದ ಊರಿನವರನ್ನು ಹಾಗೆ ಯಾರು ಕೇಳಿರುತ್ತಾರೆ? ಮಿತಿ ಇರುವುದು ಅವರಿಗಾಗಿ. ಪ್ರಕೃತಿಯಿಂದ ವರ್ಷಕ್ಕೆ ಸರಾಸರಿ 2.4 ಹೇಗೂ ಬರುತ್ತದೆ, ಈ 1 ಅದರ ಮೇಲಿನದು. ದಾಟಿದ ಕೂಡಲೇ ಕಾಯಿಲೆ ಎನ್ನುವ ಗೆರೆಯೂ ಅಲ್ಲ.

'ಅಮೆರಿಕದಷ್ಟು ಬಿಗಿ ನಿಯಮ ಎಲ್ಲೂ ಇಲ್ಲ' ಎಂಬ ಸಾಲು ತೆಗೆಯಿರಿ. ಅಲ್ಲಿ ಕಾರ್ಮಿಕರಿಗೆ ವರ್ಷಕ್ಕೆ 50 ಮಿಲಿಸೀವರ್ಟ್‌ವರೆಗೆ ಅವಕಾಶವಿದೆ. ನಮ್ಮ ಕೈಗಾದಲ್ಲಿ ದುಡಿಯುವವರಿಗೆ ಐದು ವರ್ಷದ ಸರಾಸರಿ 20, ಯಾವುದೇ ಒಂದು ವರ್ಷ 30 ಮೀರುವಂತಿಲ್ಲ.

ಕೇರಳದ ಕರುನಾಗಪ್ಪಳ್ಳಿಯ ಉದಾಹರಣೆ ಚೆನ್ನಾಗಿದೆ. ಅಲ್ಲಿನ ಮರಳಿನಲ್ಲಿ ವಿಕಿರಣ ಜಾಸ್ತಿ, ಆದರೂ ಕ್ಯಾನ್ಸರ್ ಹೆಚ್ಚಿದ್ದು ಅಧ್ಯಯನದಲ್ಲಿ ಕಾಣಲಿಲ್ಲ. ಸರಿ. ಆದರೆ ಫ್ರಾನ್ಸ್, ಬ್ರಿಟನ್, ಅಮೆರಿಕದ 3 ಲಕ್ಷಕ್ಕೂ ಹೆಚ್ಚು ಪರಮಾಣು ಕಾರ್ಮಿಕರ ಅಧ್ಯಯನ 2023ರಲ್ಲಿ ಬಂತು. ಅದರಲ್ಲಿ ವಿಕಿರಣ ಏರಿದಂತೆ ಕ್ಯಾನ್ಸರ್ ಸಾವೂ ಏರಿತ್ತು. ಅದನ್ನು ಯಾಕೆ ಬಿಟ್ಟಿರಿ? ಓದುಗರು ಸುಮ್ನೆ ಬಿಡುವುದಿಲ್ಲ.

ಇನ್ನೊಂದು. ವಿಕಿರಣ ಎಷ್ಟೇ ಕಡಿಮೆಯಿದ್ದರೂ ಅಷ್ಟರ ಮಟ್ಟಿಗೆ ಅಪಾಯ ಇದ್ದೇ ಇದೆ ಎಂಬ ಲೆಕ್ಕವನ್ನು ಕೈಬಿಡಿ ಎಂದ ಅರ್ಜಿಗಳನ್ನು ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 2021ರಲ್ಲಿ ತಳ್ಳಿಹಾಕಿತು. 2025ರ ಮೇನಲ್ಲಿ ಅಧ್ಯಕ್ಷ ಟ್ರಂಪ್ ಅದೇ ಲೆಕ್ಕವನ್ನು ಮರುಪರಿಶೀಲಿಸಿ ಎಂದು ಆದೇಶಿಸಿದರು. 2050ಕ್ಕೆ 400 ಗಿಗಾವ್ಯಾಟ್ ಪರಮಾಣು ವಿದ್ಯುತ್ ಸಾಮರ್ಥ್ಯ ಎಂಬ ಗುರಿಯೂ ಅದೇ ಆದೇಶದಲ್ಲಿದೆ. ನಡುವೆ ಬದಲಾಗಿದ್ದು ವಿಜ್ಞಾನವೋ, ವಿದ್ಯುತ್ತಿನ ಹಸಿವೋ? ನೀವು ಆದೇಶವನ್ನು ಹೊಗಳಿ ಮುಂದೆ ಹೋಗಿದ್ದೀರಿ.

ನಿಮ್ಮ ಗಟ್ಟಿ ವಾದ ಜಪಾನಿನ ಫುಕುಶಿಮಾ ಪರಮಾಣು ಅಪಘಾತದ್ದು, ಅದು ಕೊನೆಯ ಪುಟದಲ್ಲಿ ಮುದುಡಿ ಕೂತಿದೆ. ಆಸ್ಪತ್ರೆಯ ಮುದುಕರನ್ನು ಅವಸರದಲ್ಲಿ ಸಾಗಿಸುವಾಗ ಎಷ್ಟೋ ಜನ ತೀರಿಕೊಂಡರು. ವಿಕಿರಣದ ಭಯವೇ ಕೊಂದಿತು ಅಲ್ವಾ? ಲೇಖನ ಅಲ್ಲಿಂದ ಶುರುವಾಗಲಿ. ಮೇರಿ ಕ್ಯೂರಿಯ ಬಗ್ಗೆ ಬರೆದ ಎರಡು ಪುಟ ಪೂರ್ತಿ ತೆಗೆಯಿರಿ. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.

ಸಂಪಾದಕ